ಮಂಡಿ ಆಪರೇಷನ್ ಆದವರಿಗೆ ದಿಂಬು ಬೇಡ: ಸ್ಪಷ್ಟನೆ

‘ಮಂಡಿ ಕೀಲು ಬದಲಾಯಿಸಿದ ಮೇಲೆ 6 ವಾರ ಮಂಡಿಯಡಿ ದಿಂಬಿಟ್ಟು ಮಲಗಿರಬೇಕು, ನಡೆಯಬಾರದು’ ಎಂಬ ಸಂದೇಶ ತೀರ್ಥಹಳ್ಳಿ, ಹೊಸನಗರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ದಿಂಬಿಟ್ಟರೆ ಹಿತವೆನಿಸುವುದು ನಿಜ. ಆದರೆ ಮಡಚಿದ ಸ್ಥಿತಿಯಲ್ಲೇ ಮಂಡಿಯ ಹಿಂಭಾಗ ಬಿಗಿದುಕೊಂಡು, ಆಮೇಲೆ ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ, ನಡಿಗೆ ಕುಂಟಾಗುತ್ತದೆ. ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಿ, ಮಂಡಿ ತಾನಾಗಿ ಚಾಚಿಕೊಳ್ಳಲಿ.

ಸಾಮಾನ್ಯವಾಗಿ ಆಪರೇಷನ್ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೀನಖಂಡ ಊದಿ ನೋವಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ಏಕಾಏಕಿ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ಜಗಲಿ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಒಬ್ಬರೇ ಇಳಿಯಲೇಬೇಡಿ.

ನಿಮ್ಮ ಸರ್ಜನ್ ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.