ಚೀಟಿ ಕೊಡುವ ಕಿಟಕಿಯಲ್ಲಿ ಕೇಳಿದ ಪ್ರಶ್ನೆ

ನಿನ್ನೆ ಬೆಳಿಗ್ಗೆ ರಕ್ತದೊತ್ತಡದ ಮಾತ್ರೆಗಾಗಿ ನಮ್ಮ ಭಾಗದ ಒಂದು ಸರಕಾರಿ ದವಾಖಾನೆಗೆ ಹೋಗಿದ್ದೆ. ಚೀಟಿ ಮಾಡಿಸುವ ಸಾಲಿನಲ್ಲಿ ನನ್ನ ಮುಂದೆ ಹದಿನೆಂಟು ಹತ್ತೊಂಬತ್ತರ ಹುಡುಗಿಯೊಬ್ಬಳು ನಿಂತಿದ್ದಳು. ಹೆಗಲಿಗೆ ಕಾಲೇಜಿನ ಚೀಲ, ಮುಖಕ್ಕೆ ಸುತ್ತಿದ ವೇಲು. ಯಾರಿಗೆ ತೋರಿಸಬೇಕೆಂದು ಕಿಟಕಿಯೊಳಗಿನವರು ಎರಡು ಸಲ ಕೇಳಿದ ಮೇಲೆ "ಹೆಣ್ಮಕ್ಕಳ ಡಾಕ್ಟರ್‌ಗೆ ರಿ" ಎಂದಳು.

"ಮದುವಿ ಆಗೇತೇನು?"

ಸಾಲಿನ ಕೊನೆಯವರಿಗೂ ಕೇಳಿಸುವಂತಹ ದನಿ ಅದು. "ಇಲ್ರಿ" ಎಂದಳು. "ಮತ್ತ ಏನಾಗೇತಿ? ಜೋಡಿ ಯಾರ್ ಬಂದಾರ?" ಹಿಂದಿದ್ದವರೆಲ್ಲ ಅವಳನ್ನೇ ನೋಡತೊಡಗಿದರು. ಹುಡುಗಿ ಚೀಟಿ ತೆಗೆದುಕೊಳ್ಳದೆ ಸಾಲು ಬಿಟ್ಟು ಹೊರಟುಹೋದಳು. ತಿಂಗಳುಗಟ್ಟಲೆ ನಿಂತ ಮುಟ್ಟೋ, ನಿಲ್ಲದ ರಕ್ತಸ್ರಾವವೋ, ಬಿಳಿ ಸೆರಗೋ, ಏನಿತ್ತೋ ಅದನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಹೋದಳು. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಸೇವೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹದಿಹರೆಯದವರಿಗೂ ಸಂತಾನೋತ್ಪತ್ತಿ ಆರೋಗ್ಯದ ಮಾಹಿತಿ ಮತ್ತು ಸೇವೆ ಸಿಗಬೇಕು, ಅವರ ಗುಟ್ಟು ಉಳಿಯಬೇಕು ಎಂಬುದನ್ನು 1994ರಲ್ಲಿ ಕೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯೆ ಮತ್ತು ಅಭಿವೃದ್ಧಿ ಸಮ್ಮೇಳನದಲ್ಲಿಯೇ ದೇಶಗಳು ಒಪ್ಪಿಕೊಂಡಿವೆ. 10ರಿಂದ 19 ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು; ನಮ್ಮ ರಾಜ್ಯದಲ್ಲಿ ಅದರ ಕೇಂದ್ರಗಳಿಗೆ ಸ್ನೇಹ ಕ್ಲಿನಿಕ್ ಎಂಬ ಚಂದದ ಹೆಸರೂ ಇದೆ. ಆದರೆ ಆ ಕೋಣೆಯನ್ನು ತಲುಪುವ ಮೊದಲು ಈ ಕಿಟಕಿಯನ್ನು ದಾಟಬೇಕಲ್ಲ! ಇದು ನಮ್ಮ ಊರಿನದೊಂದೇ ಕಥೆಯಲ್ಲ. ದಕ್ಷಿಣ ಆಫ್ರಿಕಾದ 2005ರ ಮಕ್ಕಳ ಕಾಯ್ದೆಯ ಪ್ರಕಾರ 12 ವರ್ಷ ದಾಟಿದವರಿಗೆ ಕಾಂಡೋಮ್ ನಿರಾಕರಿಸುವಂತಿಲ್ಲ, ಉಳಿದ ಗರ್ಭನಿರೋಧಕಗಳನ್ನು ಪೋಷಕರ ಒಪ್ಪಿಗೆಯಿಲ್ಲದೆಯೂ ಕೊಡಬಹುದು; ಆದರೂ ದಾದಿಯರ ಗದರಿಕೆಗೆ ಹೆದರಿ ಹುಡುಗಿಯರು ದವಾಖಾನೆಯಿಂದ ದೂರ ಉಳಿಯುತ್ತಾರೆಂದು ಅಲ್ಲಿನ ಅಧ್ಯಯನಗಳು ಹೇಳುತ್ತವೆ. ಇನ್ನು ಗಂಡುಹುಡುಗರಿಗೆ ಯಾವ ಕಿಟಕಿಯಲ್ಲಿ ನಿಲ್ಲಬೇಕೆಂಬುದೂ ತಿಳಿದಿರುವುದಿಲ್ಲ.

ಮದುವೆಯಾಗಿದೆಯೇ ಎಂಬ ವಿವರ ವೈದ್ಯರಿಗೆ ಬೇಕಾಗುತ್ತದೆ ಎಂದು ದಾದಿಯಾಗಿ ದುಡಿದ ನನ್ನ ನಾದಿನಿ ವಾದಿಸಿದಳು. ವೈದ್ಯರಿಗೆ ಬೇಕಾದದ್ದು ಬಸಿರಿನ ಸಾಧ್ಯತೆ ಇದೆಯೋ ಇಲ್ಲವೋ ಎಂಬುದು. ಕೊರಳಲ್ಲಿ ತಾಳಿ ಇದೆಯೋ ಇಲ್ಲವೋ ಎಂಬುದರಿಂದ ಅದು ತಿಳಿಯುವುದಿಲ್ಲ. ಅದನ್ನು ಪರದೆಯ ಹಿಂದೆ, ಅವಳೊಬ್ಬಳನ್ನೇ ಕೂರಿಸಿಕೊಂಡು, ಏಕೆ ಕೇಳುತ್ತಿದ್ದೇವೆಂದು ಹೇಳಿ ಕೇಳಬೇಕು. ಹದಿನೆಂಟು ತುಂಬದವರ ಲೈಂಗಿಕ ಸಂಪರ್ಕ ಗೊತ್ತಾದರೆ ಪೊಲೀಸರಿಗೆ ವರದಿ ಮಾಡುವ ಹೊಣೆ ಕಾನೂನಿನಲ್ಲಿ ಇದೆಯಲ್ಲ ಎಂದೂ ನಾದಿನಿ ಕೇಳಿದಳು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ಆ ವರದಿಯಲ್ಲಿ ವೈದ್ಯರು ಅವಳ ಗುರುತನ್ನು ಬಹಿರಂಗಪಡಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ದೇಶದ ಅತ್ಯುನ್ನತ ನ್ಯಾಯಾಲಯ ಕಾಪಾಡಿದ ಗುಟ್ಟನ್ನು ಚೀಟಿ ಬರೆಯುವವರು ಸಾಲಿನ ಮುಂದೆ ಬಿಚ್ಚುವುದು ಯಾವ ನ್ಯಾಯ? ಅವಮಾನಗೊಂಡು ಮರಳಿದವಳು ಮತ್ತೆ ಬರಲು ವಾರಗಳೇ ಬೇಕು. ತುರ್ತು ಗರ್ಭನಿರೋಧಕ ಮಾತ್ರೆಗಿರುವ ಅವಧಿ 72 ಗಂಟೆ.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ಗದಗಿನಲ್ಲಿ ನಾನು ಎಷ್ಟು ವರ್ಷ ಪಿಯುಸಿಗೆ ಜೀವಶಾಸ್ತ್ರ ಕಲಿಸಿದೆನೆಂಬುದು ನಿಮಗೆಲ್ಲ ಗೊತ್ತು. ಎರಡನೆಯ ವರ್ಷದ ಪುಸ್ತಕದಲ್ಲಿ ಸಂತಾನೋತ್ಪತ್ತಿ ಆರೋಗ್ಯದ ಮೇಲೆಯೇ ಒಂದು ಅಧ್ಯಾಯವಿದೆ, ಅದನ್ನು ಪ್ರತಿವರ್ಷವೂ ತಪ್ಪದೆ ಮಾಡಿದ್ದೇನೆ. ಒಂದು ದಿನ ತರಗತಿ ಮುಗಿದ ಮೇಲೆ ಒಬ್ಬಳು ಹಿಂದುಳಿದು, "ಮೇಡಂ, ಇದಕ್ಕೆಲ್ಲ ಎಲ್ಲಿ ಹೋಗಿ ತೋರಿಸ್ಬೇಕ್ರಿ?" ಎಂದು ಕೇಳಿದಳು. ನನ್ನ ಬಾಯಿಂದ ಮೊದಲು ಬಂದ ಮಾತು, "ಯಾಕ? ನಿನಗೇನಾಗೇತಿ?" ಎಂಬುದು. "ಏನಿಲ್ರಿ" ಎಂದು ಹೋದವಳು ಮತ್ತೆಂದೂ ನನ್ನನ್ನು ಏನೂ ಕೇಳಲಿಲ್ಲ. ನಿನ್ನೆ ಕಿಟಕಿಯಿಂದ ಬಂದದ್ದೂ ಅದೇ ಮಾತು.

ಮಾತ್ರೆ ತೆಗೆದುಕೊಂಡ ಮೇಲೆ ಕಿಟಕಿಗೆ ಮರಳಿ ಹೋಗಿ ಅವರೊಡನೆ ಮಾತನಾಡಿದೆ. ಬೈಯಲಿಲ್ಲ. "ನಾವೇನ್ ಬೇಕಂತ ಕೇಳ್ತೀವೇನ್ರಿ ಅಕ್ಕಾರ, ಹಿಂದಿನಿಂದಲೂ ಹಂಗ ಕೇಳ್ಕೊಂತ ಬಂದೀವಿ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಮನವಿ ಬರೆದಿದ್ದೇನೆ: ಕಿಟಕಿಯಲ್ಲಿ ಹೆಸರು, ವಯಸ್ಸು, ಊರು ಇಷ್ಟನ್ನೇ ಕೇಳಲಿ, ಸ್ನೇಹ ಕ್ಲಿನಿಕ್‌ನ ದಿನ ಮತ್ತು ವೇಳೆಯನ್ನು ಕಾಲೇಜುಗಳ ಫಲಕದಲ್ಲಿ ಹಾಕಿಸಲಿ. ಸಹಿ ಮಾಡುವವರು ಭಾನುವಾರ ಸಂಜೆಯೊಳಗೆ ಮನೆಗೆ ಬನ್ನಿ. ಸೋಮವಾರ ನಾನೇ ಒಯ್ದು ಕೊಡುತ್ತೇನೆ.