ಇಲಿಗಳಿಗೆ ಒಳ್ಳೆಯ ಕಾಲ

ಬೆಳಿಗ್ಗೆ ಎದ್ದ ಕೂಡಲೇ ವಿಜ್ಞಾನ, ತಂತ್ರಜ್ಞಾನದ ಸುದ್ದಿಗಳ ಕೊಂಡಿಗಳನ್ನು ಹೆಕ್ಕಿ, ಪೇರಿಸಿ, ಪರಿಚಿತರಿಗೆಲ್ಲ ಕಳಿಸುವ ಚಟ ನನಗೆ ಅಂಟಿ ವರ್ಷಗಳಾದವು. ಇವತ್ತಿನ ಪಟ್ಟಿಯಲ್ಲಿ ಹದಿನಾಲ್ಕು ಇದ್ದವು. ಅವುಗಳ ಪ್ರಕಾರ ಮರೆವಿನ ಕಾಯಿಲೆ ಇಷ್ಟರಲ್ಲೇ ತೊಲಗಲಿದೆ, ಬ್ಯಾಟರಿ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಲಿದೆ, ಕ್ಷುದ್ರಗ್ರಹವೊಂದು ಭೂಮಿಯನ್ನು ಸವರಿಕೊಂಡು ಹೋಗಲಿದೆ (ಚಂದ್ರನಿಗಿಂತ ಎಷ್ಟೋ ಆಚೆಯಿಂದ) ಮತ್ತು ವಿಜ್ಞಾನಿಗಳು ಮೂರು ಕಡೆ ಬೆಚ್ಚಿಬಿದ್ದಿದ್ದಾರೆ. ಈ ವಿಜ್ಞಾನಿಗಳಷ್ಟು ಬೆಚ್ಚಿಬೀಳುವವರನ್ನು ನಾನು ಬೇರೆ ಯಾವ ಕಸುಬಿನಲ್ಲೂ ಕಂಡಿಲ್ಲ. ಹೊಸದನ್ನು ಕಾಣುವುದಕ್ಕೆಂದೇ ಸಂಬಳ ಪಡೆಯುವವರು ಕಂಡಾಗಲೆಲ್ಲ ಬಿದ್ದರೆ ಎತ್ತುವವರು ಯಾರು?

ಮರೆವಿನ ಸುದ್ದಿಯನ್ನು ಅಪರೂಪಕ್ಕೆ ತೆರೆದು ಓದಿದೆ. ಶೀರ್ಷಿಕೆಯಲ್ಲಿ ಮನುಷ್ಯನ ಮೆದುಳಿನ ಬಣ್ಣದ ಚಿತ್ರ. ಒಂಬತ್ತನೆಯ ಪ್ಯಾರಾದಲ್ಲಿ, ಮೂಲೆಯಲ್ಲಿ, ಇಲಿ ಕೂತಿತ್ತು: ಪ್ರಯೋಗ ನಡೆದದ್ದು ಅದರ ಮೇಲೆ. ನನ್ನ ಪಟ್ಟಿಗಳನ್ನೇ ನಂಬುವುದಾದರೆ ಇಲಿಗಳಿಗೆ ಈಗ ಸುವರ್ಣಯುಗ. ಅವುಗಳ ಸಕ್ಕರೆ ಕಾಯಿಲೆ ಹೋಗಿದೆ, ಬೊಜ್ಜು ಕರಗಿದೆ, ಮುಪ್ಪು ಹಿಂದಕ್ಕೆ ಸರಿದಿದೆ, ಗೆಡ್ಡೆಗಳು ಮಾಯವಾಗಿವೆ. ಇನ್ನೂ ಸಾಯುವ ಇಲಿಗಳಿದ್ದರೆ ಅದು ಅವುಗಳ ಸ್ವಂತ ಹಟ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಹಿಂದಿನವರು ನಗುತ್ತಿದ್ದರು. ಈಗ ಮೊದಲು ಇಲಿ ಹಿಡಿಯುತ್ತಾರೆ, ಆಮೇಲೆ ಸುದ್ದಿಮನೆಯವರು ಅದರ ಮೇಲೆ ಬೆಟ್ಟ ಒಟ್ಟುತ್ತಾರೆ. ಇಲಿ ಹೋದರೆ ಹುಲಿ ಹೋಯಿತು ಎಂದವನು ನಿಜವಾಗಿ ಮೊದಲ ವಿಜ್ಞಾನ ವರದಿಗಾರನಿರಬೇಕು.

ಹುಲಿಯ ಮಾತು ಬಂದಾಗ ತೋಳವನ್ನು ಬಿಡುವುದು ತಪ್ಪು. 2025ರ ಏಪ್ರಿಲಿನಲ್ಲಿ, ಹತ್ತು ಸಾವಿರ ವರ್ಷಗಳ ಹಿಂದೆಯೇ ಅಳಿದುಹೋದ ಡೈರ್ ತೋಳವನ್ನು ಕೊಲೋಸಲ್ ಎಂಬ ಕಂಪನಿ ಮರಳಿ ಹುಟ್ಟಿಸಿತು. ಬಿಳಿ ತುಪ್ಪಳದ ಮುದ್ದು ಮರಿಗಳ ಫೋಟೋ ನಾನೂ ಕಳಿಸಿದೆ. ನಡೆದದ್ದು ಇಷ್ಟು: ಬೂದು ತೋಳದ 14 ಜೀನುಗಳಲ್ಲಿ 20 ತಿದ್ದುಪಡಿಗಳು. ದಪ್ಪ ನಿಘಂಟಿನಲ್ಲಿ ಇಪ್ಪತ್ತು ಅಕ್ಷರ ತಿದ್ದಿ, ‘ಕಳೆದುಹೋದ ಹಳಗನ್ನಡ ಕಾವ್ಯ ಸಿಕ್ಕಿತು’ ಎಂದು ಸಾರಿದ ಹಾಗೆ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನಿಗೆ ಬಂಡವಾಳ ಹೂಡುವವರು ಸಿಕ್ಕಿರಲಿಲ್ಲ, ಪಾಪ.

ಈ ಎಲ್ಲ ಪವಾಡಗಳ ಹಿಂದಿನ ನಿಜವಾದ ಆವಿಷ್ಕಾರವೆಂದರೆ ‘ಬಹುದು’. ಕನ್ನಡದಲ್ಲಂತೂ ಅದಕ್ಕೆ ಎರಡು ಬಾಯಿ. ‘ಈ ಮಾತ್ರೆ ಕ್ಯಾನ್ಸರನ್ನು ಗುಣಪಡಿಸಬಹುದು’ ಎಂದರೆ ಗುಣಪಡಿಸುವ ಶಕ್ತಿ ಇದೆ ಎಂದೂ ಆಗುತ್ತದೆ, ಯಾರಿಗೆ ಗೊತ್ತು ನೋಡೋಣ ಎಂದೂ ಆಗುತ್ತದೆ. ಬರೆದವನು ಎರಡನೆಯದನ್ನು ಜೇಬಿನಲ್ಲಿಟ್ಟುಕೊಂಡು ಮೊದಲನೆಯದನ್ನು ಮಾರುತ್ತಾನೆ. ನಮ್ಮ ವ್ಯಾಕರಣದಲ್ಲಿ ಇದಕ್ಕೆಂದೇ ಸಂಭಾವನಾರ್ಥಕ ರೂಪವಿದೆ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ: ಬಂದೀತು, ಆದೀತು, ಹೋದಾನು. ‘ಕ್ಯಾನ್ಸರ್ ಗುಣವಾದರೂ ಆದೀತು’ ಎಂದು ಶೀರ್ಷಿಕೆ ಕೊಡಲಿ ನೋಡೋಣ. ಒಬ್ಬನೂ ಒತ್ತುವುದಿಲ್ಲ. ನಾನೂ ಒತ್ತುವುದಿಲ್ಲ.

ಒತ್ತುವ ವಿಷಯ ಬಂತು. ಟ್ವಿಟರಿನಲ್ಲಿ ಹಂಚಿಕೊಂಡ ಕೊಂಡಿಗಳಲ್ಲಿ ನೂರಕ್ಕೆ 59ನ್ನು ಯಾರೂ ತೆರೆದೇ ಇರಲಿಲ್ಲ ಎಂದು 2016ರಲ್ಲಿ ಒಂದು ಅಧ್ಯಯನ ಹೇಳಿತು. ಎಂಥ ಉಪಯುಕ್ತ ಅಧ್ಯಯನ! ಅದನ್ನೂ ಅವತ್ತೇ ಎಲ್ಲರಿಗೂ ಕಳಿಸಿದ್ದೆ. ಶೀರ್ಷಿಕೆ ಓದಿ.

2011ರಲ್ಲಿ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಬೆಳಕನ್ನು ಹಿಂದಿಕ್ಕಿ 60 ನ್ಯಾನೋಸೆಕೆಂಡು ಮೊದಲೇ ಇಟಲಿ ತಲುಪಿದಾಗ ಬೆಳಕನ್ನು ಯಾವುದೂ ಮೀರದು ಎಂದಿದ್ದ ಐನ್‌ಸ್ಟೈನ್ ಸೋತ ಸುದ್ದಿ ನನ್ನ ಪಟ್ಟಿಯಲ್ಲಿ ಮೊದಲನೆಯದು. ಕೆಲವು ತಿಂಗಳ ಮೇಲೆ ಅಳತೆ ಕೆಡಿಸಿದ್ದ, ಸಡಿಲವಾಗಿದ್ದ ಒಂದು ಕೇಬಲ್ ಸಿಕ್ಕಿತು. ಅದು ಪಟ್ಟಿಗೆ ಬರಲಿಲ್ಲ. 2023ರ ಜುಲೈನಲ್ಲಿ ಕೊರಿಯಾದಿಂದ ಬಂದ ಎಲ್‌ಕೆ-99 ಎಂಬ ಚೂರು ಕೋಣೆಯ ತಾಪದಲ್ಲೇ ಅತಿವಾಹಕವಾಗಿ (ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುವ ವಸ್ತುವಾಗಿ) ವಿದ್ಯುತ್ ಕೊರತೆಯನ್ನೆಲ್ಲ ನೀಗಿಸಿತು, ಸುಮಾರು ಮೂರು ವಾರ. 2024 ವೈಆರ್4 ಎಂಬ ಕ್ಷುದ್ರಗ್ರಹ 2032ರಲ್ಲಿ ನಮಗೆ ಬಡಿಯುವ ಸಾಧ್ಯತೆ ಶೇಕಡ 3.1ಕ್ಕೆ ಏರಿದ ದಿನ ನನ್ನ ಪಟ್ಟಿಗೆ ಬಂದಷ್ಟು ಮಾರುತ್ತರ ಇನ್ನೆಂದೂ ಬಂದಿಲ್ಲ. ಕೆಲವೇ ದಿನಗಳಲ್ಲಿ ಸಾಧ್ಯತೆ ಬಹುತೇಕ ಸೊನ್ನೆಗೆ ಇಳಿಯಿತು. ಯಾರೂ ಸಂಭ್ರಮಿಸಲಿಲ್ಲ, ಕೆಲವರಿಗೆ ಬೇಸರವೇ ಆದಂತಿತ್ತು.

ನಗುವುದಕ್ಕೆ ಇವೆಲ್ಲ ಚೆನ್ನಾಗಿಯೇ ಇವೆ. ಆದರೆ ಆರ್ಸೆನಿಕ್ ಬ್ಯಾಕ್ಟೀರಿಯಾದ ಕಥೆಗೆ ನನಗೆ ನಗು ಬರುವುದಿಲ್ಲ. 2010ರಲ್ಲಿ ನಾಸಾ ಪತ್ರಿಕಾಗೋಷ್ಠಿ ಕರೆದು, ಎಲ್ಲ ಜೀವಿಗಳಿಗೂ ಬೇಕಾದ ರಂಜಕದ ಬದಲು ಆರ್ಸೆನಿಕ್ ಎಂಬ ವಿಷವನ್ನೇ ಬಳಸಿ ಬದುಕುವ ಜೀವ ಸಿಕ್ಕಿದೆ ಎಂದಿತು. ಎರಡು ತಂಡಗಳು ಕೂತು, ಅದೇ ಪ್ರಯೋಗಗಳನ್ನು ಬೇಸರವಿಲ್ಲದೆ ಮತ್ತೆ ಮಾಡಿ, ಹಾಗೇನೂ ಇಲ್ಲ ಎಂದು 2012ರಲ್ಲೇ, ಮೂಲ ಲೇಖನ ಬಂದಿದ್ದ ‘ಸೈನ್ಸ್’ ಪತ್ರಿಕೆಯಲ್ಲೇ ಬರೆದವು. ಪತ್ರಿಕೆ ಮೂಲ ಲೇಖನವನ್ನು ಹಿಂತೆಗೆದುಕೊಂಡದ್ದು 2025ರ ಜುಲೈನಲ್ಲಿ, ಅದೂ ಲೇಖಕರ ವಿರೋಧದ ನಡುವೆ. ಮರುಪ್ರಯೋಗ ಮಾಡಿದವರಿಗೆ ಯಾರೂ ಪತ್ರಿಕಾಗೋಷ್ಠಿ ಕರೆಯಲಿಲ್ಲ. ನಾನು ಅವರ ಒಂದು ಕೊಂಡಿಯನ್ನೂ ಕಳಿಸಲಿಲ್ಲ. ವಿಜ್ಞಾನವೆಂದರೆ ಅವರು ಮಾಡಿದ ಆ ಬೋರು ಹೊಡೆಸುವ ಕೆಲಸ, ಉಳಿದದ್ದು ಜಾಹೀರಾತು. ಇದು ಸುದ್ದಿಮನೆಗಳಿಗೂ ಗೊತ್ತು, ಪ್ರಕಟಣೆ ಹೊರಡಿಸುವ ವಿಶ್ವವಿದ್ಯಾಲಯಗಳಿಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಇದೇ ಕಸವನ್ನು ಮನೆಮನೆಗೆ ಮುಟ್ಟಿಸುತ್ತಿದ್ದೇವೆ.

ಇವತ್ತು ಮಧ್ಯಾಹ್ನ ಹಳೆಯ ಸಹೋದ್ಯೋಗಿಯೊಬ್ಬರಿಂದ ಉತ್ತರ ಬಂತು. ಎಂದೂ ಬರೆಯದವರು. ‘ನೀವು ಕಳಿಸಿದ ಮರೆವಿನ ಔಷಧ ಎಲ್ಲಿ ಸಿಗುತ್ತದೆ ಸಾರ್? ಅಮ್ಮನಿಗೆ ಈಗ ನನ್ನ ಗುರುತೂ ಹತ್ತುತ್ತಿಲ್ಲ.’

ಉತ್ತರಿಸಲು ಕೂತು ಬಹಳ ಹೊತ್ತಾಯಿತು. ‘ಮುಂದೆ ಸಿಗಬಹುದು’ ಎಂದು ಬರೆದು, ಅಳಿಸಿದ್ದೇನೆ.