ಘಟ್ಟದ ಕೆಳಗಿನ ಗಾಡಿ

ಹಳೇ ಕಾರು ನೋಡಲು ಹೋಗುವಾಗ ನನ್ನ ಜೇಬಿನಲ್ಲಿ ದುಡ್ಡು ಇರಲಿ ಬಿಡಲಿ, ಒಂದು ಅಯಸ್ಕಾಂತ ಇರುತ್ತದೆ. ಕೆಟ್ಟ ಸ್ಪೀಕರಿನಿಂದ ಕಿತ್ತಿದ್ದು. ಗೀರು ಬೀಳದಿರಲಿ ಅಂತ ಅದಕ್ಕೆ ಹಳೇ ಬನಿಯನ್ನಿನ ತುಂಡು ಸುತ್ತಿದ್ದೇನೆ. ಬಾಗಿಲಿಗೆ, ಮಡ್‌ಗಾರ್ಡಿಗೆ ಹಿಡಿದರೆ ಟಪ್ ಅಂತ ಅಂಟಬೇಕು. ಅಂಟದೆ ಜಾರಿತು ಅಂದರೆ ಬಣ್ಣದ ಅಡಿಗೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಅಂತಲೇ. ಅಲ್ಲಿಯವರೆಗೆ "ಎಲ್ಲೂ ತಾಗಿಸಿಲ್ಲ ಸರ್" ಎನ್ನುತ್ತಿದ್ದ ಮಾಲೀಕರು ಆಗ ತೆಂಗಿನ ಮರದ ತುದಿ ನೋಡತೊಡಗುತ್ತಾರೆ.

ನಾನು ಶಿರಸಿಯಲ್ಲಿ ಗಣಿತ ಹೇಳಿಕೊಡುವ ಮಾಸ್ತರ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಿತು ಅಂದರೆ ಹಳೇ ಪ್ಯಾಂಟು ಹಾಕಿಕೊಂಡು ಕಾರಿನ ಅಡಿಗೆ ನುಗ್ಗುತ್ತೇನೆ. ಒಂದು ಗಾಡಿ ಕೊಳ್ಳುವುದು, ರಿಪೇರಿ ಮಾಡುವುದು, ಮಾರುವುದು. ವರ್ಷಕ್ಕೆ ಎರಡು, ಜಾಸ್ತಿ ಅಂದರೆ ಮೂರು. "ಮಾಸ್ತರ್ರೇ, ಟ್ಯೂಷನ್ ಹೇಳಿದ್ರೆ ಇದಕ್ಕಿಂತ ದುಡ್ಡಾಗ್ತಿತ್ತಲ್ರಾ" ಎಂದು ಗ್ಯಾರೇಜಿನ ಅಣ್ಣ ಪ್ರತಿ ಸಲ ಹೇಳುತ್ತಾನೆ. ಹೇಳುತ್ತಲೇ ಸ್ಪ್ಯಾನರ್ ಕೊಡುತ್ತಾನೆ.

ನಮ್ಮ ಕಡೆ ಹಳೇ ಕಾರಿಗೆ ಮೊದಲ ಪ್ರಶ್ನೆ ಯಾವ ಕಂಪನಿ ಅಂತ ಅಲ್ಲ. ಘಟ್ಟದ ಮೇಲಿನದೋ ಕೆಳಗಿನದೋ ಅಂತ. ನಂಬರ್ ಪ್ಲೇಟಿನಲ್ಲಿ ಕೆಎ 31 ಇದ್ದರೆ ಶಿರಸಿ, 30 ಕಾರವಾರ, 47 ಹೊನ್ನಾವರ. ಆದರೆ ಪ್ಲೇಟು ಹೇಳುವುದು ಹುಟ್ಟಿದ ಊರು ಮಾತ್ರ, ಬಾಳಿದ ಊರು ಅಲ್ಲ. ಅದನ್ನು ಗಾಡಿಯನ್ನೇ ಕೇಳಬೇಕು. ಘಟ್ಟದ ಮೇಲಿನದಾದರೆ ಕಿಟಕಿಯ ರಬ್ಬರಿನ ಸಂದಿಯಲ್ಲಿ ಹಾವಸೆ, ಬಾನೆಟ್ಟಿನೊಳಗೆ ಇಲಿ ಕಡಿದ ವೈರು, ಅಡಿಕೆ ಚೀಲ ಹೊತ್ತು ಕುಸಿದ ಹಿಂದಿನ ಸೀಟು. ಕೆಳಗಿನದು ಮೇಲ್ನೋಟಕ್ಕೆ ಫಳಫಳ. ಅದರ ಕಾಯಿಲೆಯೆಲ್ಲ ಒಳಗೆ. ಸಮುದ್ರದ ಗಾಳಿಯ ಉಪ್ಪು ತಗಡಿನ ಮೇಲೆ ಕೂತು ಪಸೆ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕಿಗೆ ಅಷ್ಟು ಸಾಕು.

ಇಷ್ಟೆಲ್ಲ ಗೊತ್ತಿದ್ದೂ ಕಾರವಾರದ ಕೋಡಿಬಾಗಕ್ಕೆ ಹೋಗಿ ಒಂದು 2011ರ ಮಾರುತಿ 800 ಕೊಂಡೆ. ಮೀಟರಿನಲ್ಲಿ 38 ಸಾವಿರ ಕಿಲೋಮೀಟರ್. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸವೆದು ನಮ್ಮ ಹೆಡ್‌ಮಾಸ್ತರರ ತಲೆಯಷ್ಟೇ ನುಣುಪು. ಕೇಳಿದರೆ, "ನನ್ನ ಕಾಲು ಸ್ವಲ್ಪ ಭಾರ" ಎಂದರು ಮಾಲೀಕರು. ಮ್ಯಾಟ್ ಎತ್ತಿ ಹೆಬ್ಬೆರಳಿನಿಂದ ಒತ್ತಿದೆ. ನೆನೆದ ಹಪ್ಪಳದ ಹಾಗೆ ಬೆರಳು ಒಳಗೆ ಹೋಯಿತು. ತೂತಿನಲ್ಲಿ ಕೋಡಿಬಾಗದ ಮರಳು ಕಂಡಿತು.

ಬುದ್ಧಿ ಇದ್ದವರು ಅಲ್ಲಿಂದಲೇ ಶಿರಸಿ ಬಸ್ಸು ಹತ್ತುತ್ತಿದ್ದರು. ನಾನು ಚಾವಿ ತಿರುಗಿಸಿದೆ. ಮೂರು ಸಿಲಿಂಡರಿನ, 796 ಸಿಸಿಯ ಆ ಪುಟ್ಟ ಇಂಜಿನ್ ಅರ್ಧ ಸೆಲ್ಫ್ ಸ್ಟಾರ್ಟಿಗೇ ಎದ್ದು, ಅಮ್ಮನ ಹೊಲಿಗೆ ಮಷೀನಿನ ಹಾಗೆ ಹದವಾಗಿ ಓಡತೊಡಗಿತು. ಸೋತೆ. 1983ರಿಂದ 2014ರವರೆಗೆ ತಯಾರಾದ ಗಾಡಿ ಇದು. ಬಿಚ್ಚಲು ಬಾರದ ಮೆಕ್ಯಾನಿಕ್ ನಮ್ಮ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಐವತ್ತೈದು ಸಾವಿರ ಎಣಿಸಿದೆ. ಬರುವಾಗ ದೇವಿಮನೆ ಘಟ್ಟದಲ್ಲಿ ಕುದಿಯಿತು. ಬಾನೆಟ್ ಎತ್ತಿ ನಿಂತಿದ್ದಾಗ, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರ ಕಥೆಯನ್ನು ಇಬ್ಬರು ಬೈಕ್ ನಿಲ್ಲಿಸಿ ಹೇಳಿಹೋದರು.

ತಗಡು ಕತ್ತರಿಸಿ ಹೊಸತು ಬೆಸೆಯುವುದು ಟಿಂಕರ್ ಕೆಲಸ. ಅದು ನನಗೆ ಬರುವುದಿಲ್ಲ. ತುಕ್ಕು ಕೆರೆಯುವುದು, ಮತ್ತೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಳಿಯುವುದು ನನ್ನ ಪಾಲು. ಬಾಗಿಲಿನ ಅಡಿ ಅಂಚಿನಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅಷ್ಟೂ ಕಟ್ಟಿಕೊಂಡಿದ್ದವು. ಮುರಿದ ಕೊಡೆಯ ಕಡ್ಡಿ ಹಾಕಿ ಚುಚ್ಚಿದರೆ ಗಾಳಿಮರದ ಸೂಜಿ ಎಲೆ, ಮರಳು, ಮತ್ತೆ ಗಾಳಿಮರದ ಎಲೆ. ಕೊನೆಗೆ ಕಂದು ನೀರು ತೊಟತೊಟ ಇಳಿಯಿತು. ಒಂದು ಇಡೀ ಭಾನುವಾರ ಅದಕ್ಕೇ ಹೋಯಿತು. ಮನೆಯವರು ಊಟಕ್ಕೆ ಕರೆದದ್ದು ಮೂರನೇ ಸಲಕ್ಕೆ ಕೇಳಿಸಿತಂತೆ. ಇಂಥ ಸುಖ ಟ್ಯೂಷನ್ನಿನಲ್ಲಿ ಎಲ್ಲಿ ಬರಬೇಕು?

ಹೋಗದೆ ಉಳಿದದ್ದು ವಾಸನೆ. ಹಿಂದಿನ ಸೀಟಿನಲ್ಲಿ ಎಂದೋ ಒಣಮೀನು ಪ್ರಯಾಣ ಮಾಡಿತ್ತು. ನಮ್ಮದು ಮೀನು ತಿನ್ನದ ಮನೆ. ಅಮ್ಮ ಒಂದು ಕಾಲು ಒಳಗಿಟ್ಟವಳೇ, "ತಮಾ, ಎಂತದೋ ನಾತ ಬತ್ತಾ ಇದ್ದಲೋ" ಎಂದು ಕಾಲು ಹಿಂದಕ್ಕೆ ತೆಗೆದಳು. ಸೀಟು ಬಿಸಿಲಿಗಿಡೋಣ ಅಂದರೆ ಜುಲೈ ತಿಂಗಳ ಶಿರಸಿಯಲ್ಲಿ ಬಿಸಿಲೆಲ್ಲಿ? ಇದ್ದಿಲು ಇಟ್ಟೆ, ನಿಂಬೆಹಣ್ಣು ಇಟ್ಟೆ. ಕೊನೆಗೆ ಬಟ್ಟಲುಗಳಲ್ಲಿ ಕಾಫಿಪುಡಿ ತುಂಬಿ ಹತ್ತು ದಿನ ಬಾಗಿಲು ಹಾಕಿಟ್ಟೆ.

ಆರ್‌ಸಿಯನ್ನು ನಾನು ಮೊದಲು ನನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ. ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಸುಮ್ನೆ ಸಹಿ ಹಾಕಿಸಿ ಡ್ರಾಯರಿನಲ್ಲಿಟ್ಟು, ಗಿರಾಕಿ ಸಿಕ್ಕಾಗ ಅವನ ಹೆಸರು ಬರೆಯುವವರೂ ಇದ್ದಾರೆ. ನಡುವೆ ಎಲ್ಲಾದರೂ ಅಪಘಾತವಾದರೆ ಪೊಲೀಸರು ಕೋಡಿಬಾಗದ ಆ ಭಾರದ ಕಾಲಿನವರ ಮನೆಗೆ ಹೋಗಬೇಕಲ್ವಾ? ಆದರೆ ಇದರಲ್ಲೊಂದು ಪೆಟ್ಟಿದೆ. ಸಿಂಗಲ್ ಓನರ್ ಗಾಡಿ ನನ್ನ ಹೆಸರಿಗೆ ಬಂದ ಕೂಡಲೇ ಸೆಕೆಂಡ್ ಓನರ್ ಆಗಿ ರೇಟು ಇಳಿಯುತ್ತದೆ. ನನ್ನ ಹೆಸರಿಗಿರುವ ಬೆಲೆ ಹೀಗೆ ವರ್ಷಕ್ಕೆ ಎರಡು ಸಲ ಗೊತ್ತಾಗುತ್ತದೆ.

ಕೊಳ್ಳಲು ಕುಮಟಾದಿಂದ ಗಂಡ ಹೆಂಡತಿ ಬಂದರು. ನಾನೇ ಮ್ಯಾಟ್ ಎತ್ತಿ ಹೊಸ ತಗಡು ತೋರಿಸಿದೆ, ಮೀಟರ್ ನಂಬಬೇಡಿ ಎಂದೆ, ಘಟ್ಟದಲ್ಲಿ ಕುದಿದದ್ದನ್ನೂ ಹೊಸ ರೇಡಿಯೇಟರ್ ಹಾಕಿಸಿದ್ದನ್ನೂ ಹೇಳಿದೆ. ಮೀನಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಕೆ ಹಿಂದಿನ ಸೀಟಿನಲ್ಲಿ ಕೂತು ಮೂಗು ಅರಳಿಸಿದರು. "ಎಲ್ಲಾ ಅಡ್ಡಿಲ್ಲ ಮಾಸ್ತರ್ರೇ, ಆದ್ರೆ ಈ ಕಾಫಿ ವಾಸನೆ ಹೋಗ್ತದಾ?"

ಎಪ್ಪತ್ತೆಂಟು ಸಾವಿರಕ್ಕೆ ಹೋಯಿತು. ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ತಗಡು, ಬಣ್ಣ, ರೇಡಿಯೇಟರ್, ಬ್ಯಾಟರಿ, ಎರಡು ಟಯರು, ಆರ್‌ಸಿ ಖರ್ಚು ಎಲ್ಲ ಸೇರಿ ಇಪ್ಪತ್ತೊಂದು ಸಾವಿರ. ಎರಡು ಸಾವಿರ ಲಾಭ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಹಿಂದೆ ನಿಂತು ನೋಡುತ್ತಿದ್ದ ಮನೆಯವರು ಕೇಳಿದರು: "ಕಾಫಿಪುಡಿ ಬರ್ದಿದ್ದೆಲ್ಲಿ?"